ಮನೆಪಟ್ಟಿ ಮತ್ತು ನಲವತ್ತು ಕೊಡ ನೀರು

ನಾನು ಶಾಲೆ ಬಿಟ್ಟದ್ದು ೧೯೨೮ನೆಯ ಇಸವಿಯಲ್ಲಿ, ನಾಲ್ಕನೆಯ ಇಯತ್ತೆಯ ಅರ್ಧಕ್ಕೆ. ಬಿಟ್ಟೆ ಎನ್ನುವುದೂ ಪೂರ್ತಿ ಸರಿಯಲ್ಲ. ಆ ವರ್ಷ ನಮ್ಮ ಶಾಲೆಯ ಹಿಂದಿನ ಗೋಡೆ ಕುಸಿದಿತ್ತು. ಅದನ್ನು ಕಟ್ಟಲು ಬಂದವನು ನನ್ನ ಅಪ್ಪನೇ. ಕೈಗೆ ಆಳು ಸಾಲದೆ ಅವನು ಕುಸಿದ ಕಂಡಿಯಿಂದಲೇ ನನ್ನನ್ನು ಹೆಸರು ಹಿಡಿದು ಕರೆದ. ಮಣ್ಣು ಕಲಸಿದೆ, ಕಲ್ಲು ಕೊಟ್ಟೆ, ಗೋಡೆ ಮೇಲೆದ್ದಿತು. ಮುಗಿದ ಮೇಲೆ ನೋಡಿದರೆ ಎಲ್ಲರೂ ಗೋಡೆಯ ಒಳಗಡೆ ಉಳಿದಿದ್ದರು, ನಾನು ಹೊರಗಡೆ ಉಳಿದಿದ್ದೆ. ಅದಕ್ಕಾಗಿ ನಾನು ಒಂದು ದಿನವೂ ಮರುಗಿದವನಲ್ಲ. ಆ ಗೋಡೆ ಇನ್ನೂ ನಿಂತಿದೆ. ನನ್ನ ಜೊತೆ ಕೂತು ಕಲಿತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರಲ್ಲಿ ಅಷ್ಟು ನೆಟ್ಟಗೆ ನಿಂತವರು ಯಾರೂ ಇಲ್ಲ. ಓದು ಬರಹವನ್ನು ಆಮೇಲೆ ನಾನೇ ಮುಂದುವರಿಸಿದೆ. ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಪತ್ರಿಕೆಯ ತುಂಡು, ಸಿಮೆಂಟಿನ ಚೀಲದ ಮೇಲಿನ ಅಕ್ಷರ, ಊರ ಗೋಡೆಗಳಿಗೆ ಅಂಟಿಸಿದ ನೋಟೀಸು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ನನ್ನ ಪಾಠವಾಯಿತು. ನೋಟೀಸು ಓದುವಾಗ ಮೊದಲು ಅದನ್ನು ಅಂಟಿಸಿದ ಗೋಡೆ ನನ್ನದೋ ಅಲ್ಲವೋ ಎಂದು ನೋಡುವ ಚಟ ಮಾತ್ರ ಇನ್ನೂ ಹೋಗಿಲ್ಲ.

ನಾನು ಗೌಂಡಿ. ಊರ ಹೆಸರು ಹೇಳುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರರಲ್ಲಿ ಯಾವುದಕ್ಕೆ ಬೇಕಾದರೂ ಬೆಳಿಗ್ಗೆ ಚಕ್ಕಡಿ ಹೂಡಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ಊರು ಎಂದರೆ ಸಾಕು. ಹೆಸರು ಹೇಳಿದರೆ ನಮ್ಮ ಪುರಸಭೆಯವರು ಓದಿಯಾರು. ಮನೆತೆರಿಗೆಯ ಹೊಸ ಆಕಾರಣಿ ಹತ್ತಿರ ಬಂದಿದೆ, ಈ ಹೊತ್ತಿನಲ್ಲಿ ಅವರಿಗೆ ಓದಲು ಏನನ್ನೂ ಕೊಡಬಾರದು. ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಅದರಲ್ಲಿ ಹನ್ನೊಂದು ನನ್ನ ಕೈಯವು. ನನ್ನ ಸ್ವಂತ ಮನೆಯನ್ನು ಇದರಲ್ಲಿ ಹಿಡಿದಿಲ್ಲ. ಎಲ್ಲವೂ ಮೇಲ್ಮುದ್ದೆಯ ಮನೆಗಳು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮೊಳದಷ್ಟು ಮಣ್ಣು ಹಾಕಿ, ತುಳಿದು, ಕೊನೆಗೆ ಬಿಳಿಯ ಕರಲುಮಣ್ಣು ಹರಡಿ ದೋಣಿಯ ಕಡೆಗೆ ಇಳುಕಲು ಕೊಡುವುದು. ದೋಣಿ ಎಂದರೆ ಮಾಳಿಗೆಯ ನೀರು ಓಣಿಗೆ ಬೀಳುವ ಕಲ್ಲಿನ ಮೂತಿ. ಇಳುಕಲು ಎರಡು ಬೆರಳು ಹೆಚ್ಚಾದರೆ ಮಣ್ಣು ಕೊಚ್ಚಿ ಹೋಗುತ್ತದೆ, ಕಡಿಮೆಯಾದರೆ ನೀರು ನಿಂತು ಒಳಗಿಳಿಯುತ್ತದೆ. ಆ ಎರಡು ಬೆರಳಿನ ಲೆಕ್ಕವೇ ನನ್ನ ವಿದ್ಯೆ. ಎರಡು ಕಂಬದ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತೇವೆ. ನಮ್ಮಲ್ಲಿ ಮನೆಯನ್ನು ಅಳೆಯುವುದೂ, ಮನುಷ್ಯನನ್ನು ಅಳೆಯುವುದೂ ಅಂಕಣದಲ್ಲಿಯೇ.

ಇನ್ನು ಪುರಸಭೆಯ ವಿಷಯ. ಆಗ ಇನ್ನೂ ನಾವು ಮುಂಬಯಿ ಸರಕಾರದಲ್ಲಿದ್ದೆವು. ಮನೆಪಟ್ಟಿಯನ್ನು, ಎಂದರೆ ಮನೆಯ ತೆರಿಗೆಯನ್ನು, ಹೊಸದಾಗಿ ಕೂರಿಸಬೇಕೆಂದು ಠರಾವಾಯಿತು. ಮೊದಲಾಗಿದ್ದರೆ ತಂಟೆಯೇ ಇರಲಿಲ್ಲ, ದೊಡ್ಡ ಮನೆಗೆ ಇಷ್ಟು, ಸಣ್ಣ ಮನೆಗೆ ಇಷ್ಟು, ಮೆಂಬರರ ಮನೆಗೆ ನೋಡೋಣ ಎಂದಿತ್ತು. ಈ ಸಲ ಕಾಯದೆಯ ಪ್ರಕಾರ ವಾರ್ಷಿಕ ಬಾಡಿಗೆ ಕಿಮ್ಮತ್ತು ತೆಗೆಯಬೇಕೆಂದು ಕಾರಕೂನ ರಾಘಪ್ಪನವರು ಪಟ್ಟು ಹಿಡಿದರು. ಅಂದರೆ, ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಅಂದಾಜು ಮಾಡಿ, ಅದರ ಮೇಲೆ ಪಟ್ಟಿ ಹಾಕುವುದು. ನಮ್ಮ ಊರಲ್ಲಿ ಬಾಡಿಗೆಗಿದ್ದವರು ಮೂವರೇ. ಪೋಸ್ಟ್ ಮಾಸ್ತರರು, ದವಾಖಾನೆಯ ಕಂಪೌಂಡರರು ಮತ್ತು ಸ್ವತಃ ರಾಘಪ್ಪನವರು. ಮೂವರೂ ಒಂದೇ ಮನೆಯಲ್ಲಿ ಇದ್ದರು. ಆ ಮನೆಯ ಯಜಮಾನ ಬಾಡಿಗೆ ಎಷ್ಟು ಎಂದು ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದ. ಹೀಗಾಗಿ ಊರಿನ ಇದ್ದೊಂದು ಖರೇ ಬಾಡಿಗೆಯೂ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ.

ದರ ಗೊತ್ತು ಮಾಡಿದ ಸಭೆಗೆ ನಾನು ಹೋಗಿದ್ದೆ. ಚಾವಡಿಯ ನೆಲಕ್ಕೆ ಹಾಸುಗಲ್ಲು ಸರಿಮಾಡುವ ಕೆಲಸ ಅಂದು ನಡೆದಿತ್ತು, ಅದಕ್ಕೆ. ಊರಿಗೆ ಬೇಕಾದದ್ದು ಎರಡು ಕಂದೀಲು, ಒಬ್ಬ ಕಸಗುಡಿಸುವವನು, ಅಧ್ಯಕ್ಷರ ಕುರ್ಚಿಗೆ ಒಂದು ಕಾಲು. ಇದಕ್ಕೆ ಬಾಡಿಗೆಯ ಒಂದು ರೂಪಾಯಿಗೆ ಎಷ್ಟು ಪಟ್ಟಿ ಹಾಕಿದರೆ ಸಾಕು ಎಂಬುದು ಪ್ರಶ್ನೆ. ದೊಡ್ಡ ಮನೆಯ ಮೆಂಬರರು ಅರ್ಧ ಆಣೆ ಸಾಕು ಎಂದರು. ಮನೆ ಊರ ಸರಹದ್ದಿನ ಹೊರಗಿದ್ದ ಮೆಂಬರರು ಒಂದೂವರೆ ಆಣೆಯಾದರೂ ಬೇಕು, ಇಲ್ಲದಿದ್ದರೆ ಊರು ಸುಧಾರಿಸುವುದಿಲ್ಲ ಎಂದರು. ಅಧ್ಯಕ್ಷರು ಎರಡನ್ನೂ ಕೇಳಿ, ಮುರುಕು ಕುರ್ಚಿಯ ಮೇಲೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿ, ಕೊನೆಗೆ ಎಲ್ಲಿ ನೆಟ್ಟಗೆ ನಿಂತರೋ ಅಲ್ಲಿಗೆ ಒಂದಾಣೆ ಎಂದು ಗೊತ್ತಾಯಿತು. ಕಾಯದೆ ಓದಿದವರು ಇದನ್ನು ಹೇಗೆ ಹೇಳುತ್ತಾರೋ ತಿಳಿಯದು, ನಾನು ಕಂಡದ್ದು ಹೀಗೆ.

ರಾಘಪ್ಪನವರು ಒಳ್ಳೆಯ ಮನುಷ್ಯರು, ಆದರೆ ಅಂಕಣ ಎಣಿಸಲು ಬರುತ್ತಿರಲಿಲ್ಲ. ಕಂಬ ಎಣಿಸಿದರೆ ಗೋಡೆ ಬಿಡುತ್ತಿದ್ದರು, ಗೋಡೆ ಎಣಿಸಿದರೆ ಕಂಬ ಬಿಡುತ್ತಿದ್ದರು. ಅಧ್ಯಕ್ಷರು ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿ, "ಮಲ್ಲಪ್ಪ ಗೌಂಡೀನ ಪಂಚ ಅಂತ ಕರಕೊಂಡ ಹೋಗ್ರಿ. ಅರ್ಧ ಊರು ಅವನ ಕಟ್ಟ್ಯಾನ," ಎಂದರು. ಪುರಸಭೆಯ ಪಂಚ. ಕೂಲಿ ಇಲ್ಲ, ಮಾನ ಮಾತ್ರ. ನಾನು ಅಂದೇ ಧೋತರ ಒಗೆಸಿ, ಮದುವೆಯ ರುಮಾಲು ಹೊರಗೆ ತೆಗೆಸಿದೆ. ನಮ್ಮ ಮನೆಯಾಕೆ ಅದನ್ನು ಕೊಡುತ್ತ, "ಮಂದಿ ಮನಿ ಕಿಮ್ಮತ್ತ ಹೇಳಾಕ ಹೋಗಬ್ಯಾಡ್ರಿ, ಅವ್ರು ನಮ್ಮ ಕಿಮ್ಮತ್ತ ತಗೀತಾರ," ಎಂದಳು. ಹೆಣ್ಣುಮಕ್ಕಳಿಗೆ ಸರಕಾರಿ ಕೆಲಸ ತಿಳಿಯುವುದಿಲ್ಲ ಎಂದುಕೊಂಡು ನಾನು ರುಮಾಲು ಸುತ್ತಿಕೊಂಡೆ.

ಮೊದಲ ಮನೆ ಬಳೆಗಾರ ಇಮಾಮಸಾಬರದು. ನಾವು ಹೋದಾಗ ಅವರ ಪಡಸಾಲೆಯಲ್ಲಿ ಒಂದು ಹರಕು ತಟ್ಟು ಬಿಟ್ಟು ಬೇರೆ ಸಾಮಾನಿರಲಿಲ್ಲ. ಹಿಂದಿನ ದಿನವೇ ಎಲ್ಲ ಬೀಗರ ಮನೆಗೆ ಹೋಗಿತ್ತು. ಇಮಾಮಸಾಬರು ನಡುಗಂಬವನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದರು.

"ಕಂಬ ಯಾಕ ಹಿಡಕೊಂಡ ನಿಂತೀರಿ ಸಾಬ್ರ?" ಎಂದು ರಾಘಪ್ಪನವರು ಕೇಳಿದರು.

"ಬಿಟ್ರ ಬೀಳತೈತ್ರಿ."

"ಯಾವಾಗಿಂದ ಹಿಡಕೊಂಡೀರಿ?"

"ಪಾಳಿ ಹಚ್ಚೇವ್ರಿ. ಮುಂಜಾನಿ ನಾ, ಸಂಜಿಗೆ ನಮ್ಮಾಕಿ."

ಆ ಕಂಬವನ್ನು ನಿಲ್ಲಿಸಿದವನು ನಾನು. ಅದಕ್ಕೆ ಬೇಕಾದ ಬೇವಿನ ಮರವನ್ನು ಅಬ್ಬಿಗೇರಿಯಲ್ಲಿ ನಾನೇ ನಿಂತು ಆರಿಸಿ ತಂದದ್ದು. ನಾನು ಮುಂದೆ ಹೋಗಿ ಇಮಾಮಸಾಬರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಂಬಕ್ಕೆ ಹೆಗಲು ಕೊಟ್ಟು ನೂಕಿ ತೋರಿಸಿದೆ. "ಆನಿ ತಂದು ಕಟ್ರಿ ರಾಘಪ್ಪನವರ, ಆನಿ ಸತ್ತೀತು, ಕಂಬ ಅಲಗಾಡೂದಿಲ್ಲ," ಎಂದೆ. ರಾಘಪ್ಪನವರು 'ಕಂಬ ಭದ್ರ' ಎಂದು ಬರೆದುಕೊಂಡರು. ಇಮಾಮಸಾಬರು ನನ್ನನ್ನು ನೋಡಿದ ನೋಟ ನನಗೆ ಆಗ ಅರ್ಥವಾಗಲಿಲ್ಲ. ಹೊಗಳಿಕೆ ಎಂದೇ ತಿಳಿದುಕೊಂಡೆ.

ಎರಡನೆಯದು ಸೂಲಗಿತ್ತಿ ನೀಲವ್ವನ ಮನೆ. ಓಣಿಯ ಮನೆಗಳನ್ನು ನಾನು ಕಟ್ಟಿದ್ದರೆ, ಓಣಿಯ ಮಂದಿಯನ್ನೆಲ್ಲ ಭೂಮಿಗೆ ಇಳಿಸಿದವಳು ಅವಳು. "ಯಪ್ಪಾ ರಾಘಪ್ಪಾ, ಈ ಗ್ವಾಡಿ ನನ್ನ ಮ್ಯಾಲ ವಾಲೇತಿ. ರಾತ್ರಿ ಮಕ್ಕೊಂಡ್ರ ಬೆಳಗ ಹರಿಯೂತನಕಾ ನನಗ ನಂಬಿಗಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕಿಸೆಯಿಂದ ತೂಗುಗುಂಡಿನ ದಾರ ತೆಗೆದು ಗೋಡೆಗೆ ಇಳಿಬಿಟ್ಟೆ. ದಾರಕ್ಕೂ ಗೋಡೆಗೂ ಕೂದಲಿನಷ್ಟು ಸಂದು ಇರಲಿಲ್ಲ. ರಾಘಪ್ಪನವರು ಬಗ್ಗಿ ನೋಡಿ ತಲೆದೂಗಿದರು. ನೀಲವ್ವನ ಕಣ್ಣೀರು ಅಲ್ಲಿಯೇ ಒಣಗಿತು. "ಲೇ ಮಲ್ಲ್ಯಾ, ನಿಮ್ಮವ್ವ ನಿನ್ನ ಹಡೆಯೂ ಮುಂದ ಎರಡು ದಿನ ಕುಂತಿದ್ದೆ ನಾನು. ಎದ್ದ ಮನಿಗೆ ಬರಬೇಕಾಗಿತ್ತು," ಎಂದಳು.

ಹೀಗೆ ಮನೆಯಿಂದ ಮನೆಗೆ ಹೋದೆವು. ನಾನು ಅನುಭವಿಸಿದ ಸಂಕಟವನ್ನು ಗೌಂಡಿಯಲ್ಲದವರಿಗೆ ಹೇಗೆ ತಿಳಿಸಲಿ. ಇಪ್ಪತ್ತು ವರ್ಷ ಕೈ ಕಾಯಿಗಟ್ಟುವಂತೆ ದುಡಿದು ಎಬ್ಬಿಸಿದ ಗೋಡೆಗಳನ್ನು ಅವುಗಳ ಯಜಮಾನರೇ ಸಾಲಾಗಿ ನಿಂತು ಬೈಯುತ್ತಿದ್ದಾರೆ. ಒಬ್ಬ ಬಾಗಿಲು ಕೂಡುವುದಿಲ್ಲ ಎನ್ನುತ್ತಾನೆ, ಒಬ್ಬ ತೆರೆಯುವುದೇ ಇಲ್ಲ ಎನ್ನುತ್ತಾನೆ, ಇನ್ನೊಬ್ಬ ತನ್ನ ಮನೆಯಲ್ಲಿ ದೆವ್ವವಿದೆ ಎಂದು ಬರೆದುಕೊಳ್ಳಿರಿ ಎನ್ನುತ್ತಾನೆ. ಮನೆ ಒಕ್ಕಲಾಗುವ ದಿನ ಇವರೇ ನನಗೆ ರುಮಾಲು ಸುತ್ತಿ, ಹೋಳಿಗೆ ಬಡಿಸಿ, 'ಮಲ್ಲಪ್ಪಾ, ಮೊಮ್ಮಕ್ಕಳ ಕಾಲಕ್ಕೂ ಇದು ಇದ್ದೀತು' ಎಂದವರು. ನಾನು ಪ್ರತಿಯೊಂದು ಸುಳ್ಳಿಗೂ ದಾರ ಬಿಟ್ಟೆ, ಕಟ್ಟಿಗೆ ಬಡಿದೆ, ಬಾಗಿಲು ತೆರೆದು ಹಾಕಿ ತೋರಿಸಿದೆ. ದೆವ್ವದ ವಿಷಯದಲ್ಲಿ ಮಾತ್ರ ಸುಮ್ಮನಿದ್ದೆ, ಅದು ಗೌಂಡಿಯ ಕೆಲಸವಲ್ಲ.

ಕೊನೆಗೆ ಈರಪ್ಪ ಕಾಕಾನ ಮನೆ. ಕಾಕಾ ನನ್ನ ಅಪ್ಪನ ಗೆಳೆಯ, ಜೋಳದ ವ್ಯಾಪಾರಿ. ಎಂಟು ಅಂಕಣದ ಅವನ ಮನೆ ನನ್ನ ಕೈಯಿಂದ ಆದ ಎಲ್ಲ ಕೆಲಸಗಳ ಕಳಸ. ಕಾಕಾ ಬಾಗಿಲಲ್ಲಿಯೇ ಕೈ ಮುಗಿದು, "ರಾಘಪ್ಪನವರ, ಮಾಳಗಿ ಪೂರಾ ಸೋರತೈತಿ. ಈ ಮನಿಗೆ ಬಾಡಿಗಿ ಯಾರ ಕೊಡತಾರ? ನಾನ ತಿಂಗಳಾ ಎರಡು ರೂಪಾಯಿ ಕೈಗೆ ಇಡತೇನಿ, ಬಂದ ಇರ್ರಪಾ ಅಂದ್ರೂ ಒಂದ ನಾಯಿ ಬರೂದಿಲ್ಲ," ಎಂದ.

"ಹದಿನೈದು ರೂಪಾಯಿಗೆ ನಾ ಬರತೇನಿ ಕಾಕಾ," ಎಂದೆ.

ಅದು ಬಾಯಿಂದ ಹೋಗಿಬಿಟ್ಟಿತು. ರಾಘಪ್ಪನವರ ಲೇಖಣಿ ನಿಂತಿತು. ಅವರ ಮುಖ ಅರಳಿತು. "ಇಡೀ ಊರು ತಿರಗೀದ್ರೂ ಇಂಥಾದ್ದೊಂದು ಮಾತು ಸಿಕ್ಕಿದ್ದಿಲ್ಲ ನೋಡ್ರಿ. ಬಾಡಿಗಿಗೆ ಬರೂ ಮನಷಾ ಖುದ್ದ ನಿಂತು ಕಿಮ್ಮತ್ತು ಹೇಳ್ಯಾನ. ಇದಕ್ಕ ಕಾಯದಾದಾಗ ಆಧಾರ ಅದ," ಎಂದು ಹದಿನೈದು ಎಂದು ಬರೆದು ಕೆಳಗೆ ಗೆರೆ ಎಳೆದರು. ಎಂಟು ಅಂಕಣಕ್ಕೆ ಹದಿನೈದಾದರೆ ಉಳಿದ ಮನೆಗಳಿಗೆ ಎಷ್ಟಾಗಬೇಕೆಂದು ಅಲ್ಲಿಯೇ ಕಟ್ಟೆಯ ಮೇಲೆ ಕೂತು ಭಾಗಿಸಿದರು. ನನ್ನದು ಆರು ಅಂಕಣ. ಅದನ್ನು ಅವರು ಒಳಗೆ ಬಂದು ನೋಡಲೂ ಇಲ್ಲ. "ಗೌಂಡ್ಯಾರ ಮನಿ, ನೋಡೂದೇನದ," ಎಂದು ಸುಮಾರಿಗೆ ತಿಂಗಳಿಗೆ ಹತ್ತು ರೂಪಾಯಿ ಹಿಡಿದರು. ನನಗೆ ಎದೆ ಉಬ್ಬಿ, ಪಟ್ಟಿ ಹೆಚ್ಚಾಯಿತೆಂಬುದು ನೆನಪಾಗಲು ಮನೆಗೆ ಬಂದು ಊಟ ಮಾಡಿ ಏಳಬೇಕಾಯಿತು.

ಹದಿನೈದು ದಿನಕ್ಕೆ ಯಾದಿಯನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಕಾಕಾನ ಪಟ್ಟಿ ಎರಡು ರೂಪಾಯಿಯಿಂದ ಹನ್ನೊಂದು ರೂಪಾಯಿ ನಾಲ್ಕಾಣೆಗೆ ಏರಿತ್ತು. ಅಂದಿನಿಂದ ಓಣಿಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ನಮ್ಮಾಕೆ ಹಾಲಿಗೆ ಹೆಪ್ಪು ಕೇಳಲು ಹೋದರೆ, "ಹೆಪ್ಪಿನ ಕಿಮ್ಮತ್ತು ಎಷ್ಟಾಗತೈತಿ, ನಿಮ್ಮ ಯಜಮಾನ್ರನ್ನ ಕೇಳಕೊಂಡ ಬರ್ರಿ," ಎಂದರಂತೆ. ಆಮೇಲೆ ತಕರಾರು ಅರ್ಜಿಗಳು ಹೋದವು. ಹನ್ನೊಂದು ಮನೆಯಿಂದ ಹನ್ನೊಂದು. ರಾಘಪ್ಪನವರು ನನ್ನನ್ನು ಕರೆದು ತೋರಿಸಿದರು. ಎಲ್ಲವನ್ನೂ ಸಂತೆಯ ಕಟ್ಟೆಯಲ್ಲಿ ಕೂತು ಅರ್ಜಿ ಬರೆಯುವ ಒಬ್ಬನೇ ಬರೆದಿದ್ದ, ಎಲ್ಲದರ ಕೊನೆಯಲ್ಲಿ ಒಂದೇ ಸಾಲು ಇತ್ತು: 'ಸದರಿ ಮನೆಯನ್ನು ಮಲ್ಲಪ್ಪ ಗೌಂಡಿ ಎಂಬವನು ಕಟ್ಟಿರುವ ಕಾರಣ ಅದು ಎಷ್ಟು ದಿವಸ ನಿಲ್ಲುವುದೆಂಬ ಭರವಸೆ ಇಲ್ಲವಾಗಿ, ದಯಮಾಡಿ ಪಟ್ಟಿ ಕಡಿಮೆ ಮಾಡಬೇಕು.' ಕೆಳಗೆ ನೀಲವ್ವನ ಹೆಬ್ಬೆಟ್ಟು, ಇಮಾಮಸಾಬರ ಸಹಿ, ಕಾಕಾನ ಮೋಡಿ ಅಕ್ಷರ. ನನ್ನ ಹೆಸರನ್ನು ಸರಕಾರಿ ಕಾಗದದ ಮೇಲೆ ಕಂಡದ್ದು ಅದೇ ಮೊದಲು. ಒಮ್ಮೆಗೇ ಹನ್ನೊಂದು ಸಲ ಕಂಡೆ. ಅರ್ಜಿಗಳ ಚೌಕಶಿಗೆ ಧಾರವಾಡದಿಂದ ಒಬ್ಬ ಸಾಹೇಬರು ಆ ವಾರದಲ್ಲಿ ಯಾವಾಗಲಾದರೂ ಬರಬಹುದೆಂದು ಓಣಿಯಲ್ಲಿ ಸುದ್ದಿಯಾಯಿತು.

ಇದೆಲ್ಲವನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಅದೇ ವಾರ ನರಗುಂದದ ಅರಳೆಯ ಸಾಹುಕಾರರು ನನ್ನ ಕೆಲಸ ನೋಡಲು ಬರುವವರಿದ್ದರು. ಹನ್ನೆರಡು ಅಂಕಣದ, ಎರಡು ಅಂತಸ್ತಿನ ಮನೆ ಕಟ್ಟಿಸಬೇಕೆಂದು ಅವರ ಮನಸ್ಸು. ಅರ್ಧ ಮಾತಾಗಿತ್ತು. "ಸಂತಿ ದಿನ ಬಂದು ನೀ ಕಟ್ಟಿದ ಮನಿ ಕಣ್ಣಲೆ ನೋಡತೇನಿ, ಆಮ್ಯಾಲ ಎಲಿ ಅಡಿಕಿ ಕೊಡತೇನಿ," ಎಂದಿದ್ದರು. ಆ ಕೆಲಸ ಸಿಕ್ಕರೆ ನನಗೂ ನನ್ನ ನಾಲ್ಕು ಆಳುಗಳಿಗೂ ಎರಡು ವರ್ಷ ಚಿಂತೆಯಿಲ್ಲ. ಸಿಗದಿದ್ದರೆ ಆ ಬೇಸಿಗೆಯಲ್ಲಿ ನನ್ನ ಕೈಯಲ್ಲಿದ್ದದ್ದು ನೀಲವ್ವನ ಒಲೆ ಹಾಕಿಕೊಡುವ ಕೆಲಸ ಒಂದೇ. ಅದೂ ಈಗ ಇರಲಿಲ್ಲ.

ಸಂತೆಯ ದಿನ ಸಾಹುಕಾರರು ಮಧ್ಯಾಹ್ನಕ್ಕೆ ಬರುತ್ತಾರೆಂದು ತಿಳಿದು ನಾನು ಬೆಳಿಗ್ಗೆ ಮಣ್ಣಿನ ಚಕ್ಕಡಿ ಗೊತ್ತು ಮಾಡಲು ಹೋಗಿದ್ದೆ. ಅವರು ಹನ್ನೊಂದಕ್ಕೇ ಬಂದಿಳಿದಿದ್ದರು. ಕರಿ ಕೋಟು, ಕೈಯಲ್ಲಿ ಛತ್ರಿ, ಕಿಸೆಯಲ್ಲಿ ಚಿಕ್ಕದೊಂದು ವಹಿ. ಓಣಿಯ ತುದಿಯಲ್ಲಿ ನಿಂತು, "ಇಲ್ಲಿ ಮಲ್ಲಪ್ಪ ಗೌಂಡಿ ಕಟ್ಟಿದ ಮನಿ ಯಾವ್ಯಾವು ಅದಾವ, ಒಂದೀಟ ನೋಡಬೇಕಾಗಿತ್ತು," ಎಂದು ಕೇಳಿದ್ದಾರೆ. ಇದಕ್ಕಿಂತ ಹೆಚ್ಚು ಯಾರಿಗೆ ಏನು ಬೇಕು. ಧಾರವಾಡದ ಸಾಹೇಬರು ಬಂದರು ಎಂದು ಓಣಿಗೆ ಓಣಿಯೇ ಹೊರಬಿದ್ದಿತು.

ನಾನು ಬಂದು ನೋಡುವಾಗ ಸಾಹುಕಾರರು ಕಾಕಾನ ಪಡಸಾಲೆಯಲ್ಲಿ ಕೂತಿದ್ದರು. ಎಲ್ಲ ಮನೆ ನೋಡಿ ಮುಗಿದಿತ್ತು. ಇಮಾಮಸಾಬರು ಕಂಬ ಅಪ್ಪಿ ತೋರಿಸಿದ್ದರು, ನೀಲವ್ವ ಅತ್ತಿದ್ದಳು. ಸಾಹುಕಾರರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ನನ್ನನ್ನು ಕಂಡೊಡನೆ ಎದ್ದರು.

"ಗೌಂಡ್ಯಾರ, ಊರಿಗೆ ಹೋಗಿ ವಿಚಾರ ಮಾಡಿ ಹೇಳಿ ಕಳಸತೇನ್ರಿ," ಎಂದರು. ಮೊದಲು 'ನೀ' ಎನ್ನುತ್ತಿದ್ದವರು ಬಹುವಚನಕ್ಕೆ ಏರಿದರೆಂದರೆ ಕೆಲಸ ಹೋಯಿತೆಂದೇ ಅರ್ಥ.

"ಮಾಳಗಿ ಸೋರತೈತ್ರಿ ಸಾಹೇಬ್ರ," ಎಂದು ಕಾಕಾ ಹಿಂದಿನಿಂದ ಹೇಳುತ್ತಲೇ ಇದ್ದ. "ಮಳಿಗಾಲ ಆಗಿದ್ರ ಕಣ್ಣಿಗೇ ತೋರಸ್ತಿದ್ದೆ."

ಕಾಕಾ ಇವರನ್ನು ಯಾರೆಂದು ತಿಳಿದಿದ್ದಾನೆ ಎಂಬುದು ನನಗೆ ಆಗಲೇ ಹೊಳೆಯಿತು. ಹೇಳಬಹುದಿತ್ತು. ಹೇಳಿದ್ದರೆ ಓಣಿಯವರೆಲ್ಲ ತಕ್ಷಣ ಮಾತು ತಿರುಗಿಸಿ ಮನೆಗಳನ್ನು ಹೊಗಳುತ್ತಿದ್ದರೋ ಏನೋ. ಆದರೆ ಹಾಗೆ ಬೇಡಿ ಪಡೆದ ಹೊಗಳಿಕೆ ನನಗೆ ಬೇಕಿರಲಿಲ್ಲ. "ಮಳಿ ಯಾಕ ಬೇಕು ಕಾಕಾ, ನೀರ ಹಾಕಿ ನೋಡೂಣು. ಇಪ್ಪತ್ತು ಕೊಡ," ಎಂದೆ.

"ನಲವತ್ತ ಹಾಕು," ಎಂದ ಕಾಕಾ.

ಒಂದು ಹನಿ ಬೀಳಲೆಂದು ಅವನಿಗೆ ಆಸೆ, ಬೀಳದಿರಲೆಂದು ನನಗೆ. ನಮ್ಮ ಊರಲ್ಲಿ ಬೇಸಿಗೆಯ ನೀರೆಂದರೆ ಮೈಲು ನಡೆದು ತರುವ ವಸ್ತು. ಮುಖ ತೊಳೆದ ನೀರಿನಲ್ಲಿ ಕಾಲು, ಕಾಲು ತೊಳೆದ ನೀರಿನಲ್ಲಿ ಎಮ್ಮೆ, ಹೀಗೆ ಅದು ಕೈ ಬದಲಾಯಿಸುತ್ತ ಹೋಗುತ್ತದೆ. ಅಂಥ ಊರಲ್ಲಿ ಹನ್ನೊಂದು ಮನೆಯ ಹೆಂಗಸರು ಹೇಳದೆಯೇ ಕೊಡ ಹೊತ್ತು ತಂದರು. ಇಮಾಮಸಾಬರು ಮಾಳಿಗೆ ಏರಿ ಸುರಿಯಲು ನಿಂತರು. ನೀಲವ್ವ ಬಾಗಿಲಲ್ಲಿ ಕೂತು ಎಣಿಸಿದಳು. ಹನ್ನೆರಡನೆಯ ಕೊಡಕ್ಕೆ ದೋಣಿಯಿಂದ ನೀರು ಓಣಿಗೆ ಧುಮುಕಿತು. ಒಳ್ಳೆಯ ನೀರು ವ್ಯರ್ಥ ಹೋಗುವುದನ್ನು ನೋಡಲಾರದೆ ಹೆಂಗಸರು ಅದರ ಕೆಳಗೆ ಕೊಡ ಹಿಡಿದು, ಅದನ್ನೇ ಮತ್ತೆ ಮೇಲೆ ಕೊಟ್ಟರು. ಹೀಗಾಗಿ ನಲವತ್ತು ಕೊಡ ನೀರು ಎಂದು ನಾನು ಹೇಳುವುದು ನಿಜವಾದರೂ, ಮೇಲೆ ಹೋದದ್ದು ಹೆಚ್ಚುಕಡಿಮೆ ಅದೇ ಹದಿನೈದು ಕೊಡ.

ಕೆಳಗೆ ನಾವೆಲ್ಲ ಮೋರೆ ಮೇಲೆ ಮಾಡಿ ನಿಂತಿದ್ದೆವು. ಹಾಗೆ ಒಟ್ಟಿಗೆ ಮೇಲೆ ನೋಡಿದ್ದನ್ನು ನಾನು ಗುಡಿಯಲ್ಲಿಯೂ ಕಂಡಿಲ್ಲ. ಇದ್ದಕ್ಕಿದ್ದಂತೆ ಸಾಹುಕಾರರ ಬೋಳು ತಲೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. "ಬಿತ್ತು, ಬಿತ್ತು," ಎಂದು ಕಾಕಾ ಕುಣಿದೇಬಿಟ್ಟ. ಆಮೇಲೆ ನೋಡಿದರೆ ಅದು ಬಿದ್ದದ್ದು ಬೆಳಕಿಂಡಿಯಿಂದ. ಸೋರಿತೋ ಇಲ್ಲವೋ ಎಂದು ನೋಡಲು ಇಮಾಮಸಾಬರು ಬೆಳಕಿಂಡಿಯಲ್ಲಿ ತಲೆ ಹಾಕಿದ್ದರು, ಹನಿ ಅವರ ಗಡ್ಡದ್ದು. ಉಳಿದ ಮಾಳಿಗೆ ಜೋಳದ ರೊಟ್ಟಿಯ ಹಾಗೆ ಒಣಗಿತ್ತು.

ಅದೇ ಹೊತ್ತಿಗೆ ರಾಘಪ್ಪನವರು ರಜಿಸ್ಟರ ಹಿಡಿದು ಒಳಗೆ ಬಂದರು. ಕಾಕಾ ಸೋತ ಧ್ವನಿಯಲ್ಲಿ, "ಏನ್ ನೋಡತೀರಿ, ನಿಮ್ಮ ಸಾಹೇಬ್ರು ಎಲ್ಲಾ ನೋಡ್ಯಾರ," ಎಂದ.

"ಯಾವ ಸಾಹೇಬ್ರು? ಸಾಹೇಬ್ರು ಮುಂದಿನ ತಿಂಗಳಾ ಬರತಾರಂತ, ಕಾಗದ ಬಂದದ."

ಎಲ್ಲರೂ ಕರಿ ಕೋಟಿನ ಕಡೆಗೆ ತಿರುಗಿದರು. ಸಾಹುಕಾರರು ತಲೆ ಒರೆಸಿಕೊಳ್ಳುತ್ತ, "ನಾ ನರಗುಂದದಾಂವರಿ. ಒಂದು ಮನಿ ಕಟ್ಟಸೂದಿತ್ತು," ಎಂದರು. ಕಾಕಾ ಕಟ್ಟೆಯ ಮೇಲೆ ಕುಳಿತ. ರಾಘಪ್ಪನವರು ಸುತ್ತ ನೋಡಿ, ಒದ್ದೆಯಾದ ಮಾಳಿಗೆ, ಒಣಗಿದ ಜಂತಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು 'ನೀರು ಹಾಕಿ ನೋಡಲಾಗಿ ಸೋರುವುದಿಲ್ಲ' ಎಂದು ಕಾಕಾನ ಹೆಸರಿನ ಮುಂದೆ ಬರೆದರು. ನನ್ನ ಜೀವನದಲ್ಲಿ ಅಂಥ ಗಳಿಗೆ ಇನ್ನೊಂದಿಲ್ಲ. ಅಲ್ಲಿಗೆ ನಾನು ಎಲ್ಲರಿಗೂ ಶರಣು ಹೇಳಿ ಸಾಹುಕಾರರನ್ನು ಕರೆದುಕೊಂಡು ಸಂತೆಯ ಕಡೆ ಹೋಗಬೇಕಾಗಿತ್ತು.

"ಸಾವಕಾರ್ರ," ಎಂದು ಕಾಕಾ ಮೆಲ್ಲಗೆ ಎದ್ದ. "ಮಂದಿ ಮನಿ ನೋಡಿದ್ರಿ. ಗೌಂಡಿ ಸ್ವಂತ ಮನಿ ನೋಡೂದ ಬ್ಯಾಡ ಏನು? ಕೊಡಾ ಹೆಂಗೂ ತುಂಬೇ ಅದಾವ."

ಹೆಂಗಸರು ಕೊಡ ಎತ್ತಿಯೇಬಿಟ್ಟರು. ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ನಮ್ಮಾಕೆ ನಿಂತಿದ್ದಳು. ಅವಳು ನನ್ನನ್ನು ನೋಡಿ ಕಣ್ಣಿನಲ್ಲಿಯೇ ಬೇಡ ಎಂದಳು. ನಾಲ್ಕು ವರ್ಷದಿಂದ ಅವಳು ಬಾಯಿಂದ ಹೇಳುತ್ತಿದ್ದುದನ್ನೇ ಆ ದಿನ ಕಣ್ಣಿನಿಂದ ಹೇಳಿದ್ದು, ನನಗೆ ಅರ್ಥವಾಗದೆ ಏನು. ಪ್ರತಿ ವರ್ಷ ಬೇಸಿಗೆಯಲ್ಲಿ, 'ಈ ಒಂದು ಕೆಲಸ ಮುಗೀಲಿ, ನಮ್ಮ ಮಾಳಗಿಗೆ ಎರಡು ಬಂಡಿ ಮಣ್ಣ ಹಾಕಸತೇನಿ' ಎನ್ನುತ್ತಿದ್ದೆ. ಕೆಲಸ ಮುಗಿಯುವುದರೊಳಗೆ ಬೇರೆಯವರ ಮಾಳಿಗೆ ಬರುತ್ತಿತ್ತು. ಆದರೆ ಅಷ್ಟು ಮಂದಿಯ ಮುಂದೆ ಹಿಂದೆಗೆಯುವುದು ಹೇಗೆ. "ಹಾಕ್ರಿ," ಎಂದೆ.

ಮೂರನೆಯ ಕೊಡಕ್ಕೆ ದೇವರ ಜಗುಲಿಯ ಪಕ್ಕ ಹನಿ ಹತ್ತಿತು. ಐದನೆಯದಕ್ಕೆ ಜೋಳದ ಚೀಲದ ಮೇಲೆ. ಎಂಟನೆಯದಕ್ಕೆ ಪಡಸಾಲೆಯ ನಟ್ಟನಡುವೆ, ರಾಘಪ್ಪನವರು ಕೂತಲ್ಲಿಯೇ. ನಮ್ಮಾಕೆ ಒಂದು ಪರಾತ, ಒಂದು ತಂಬಿಗೆ ತಂದಿಟ್ಟಳು. ಎಲ್ಲಿಡಬೇಕೆಂದು ಅವಳಿಗೆ ನೋಡುವ ಕೆಲಸವೇ ಇರಲಿಲ್ಲ. ಓಣಿಯವರು ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. ಎಲ್ಲರ ಮುಖದಲ್ಲಿ ಪೂಜೆ ಮುಗಿದ ಮೇಲಿನ ಶಾಂತಿ ಇತ್ತು.

ರಾಘಪ್ಪನವರು ಕನ್ನಡಕ ಒರೆಸಿಕೊಂಡು ಹತ್ತಿರ ಕರೆದರು. "ಗೌಂಡ್ಯಾರ, ನಿಮ್ಮದು ಏಳೂವರೆ ರೂಪಾಯಿ ಪಟ್ಟಿ ಅದ. ಸೋರತದ ಅಂತ ಬರದ್ರ ಅರ್ಧ ಇಳೀತದ. ನನ್ನ ಕಣ್ಣಲೇ ನೋಡೀನಿ. ಬರೀಲೇನು?"

ನಾನು ಆ ರಜಿಸ್ಟರ ನೋಡಿದೆ. ಗಟ್ಟಿ ರಟ್ಟು, ಕೆಂಪು ಬೆನ್ನು, ನೂರು ವರ್ಷ ಬಾಳುವ ವಸ್ತು. ಅದರಲ್ಲಿ ಕಾಕಾನ ಮನೆ ಸೋರುವುದಿಲ್ಲ ಎಂದಿದೆ. ಅದರ ಕೆಳಗೆ, ಮಲ್ಲಪ್ಪ ಗೌಂಡಿಯ ಮನೆ ಸೋರುತ್ತದೆ ಎಂದು ಬರುತ್ತದೆ. ನಾನು ಸತ್ತ ಮೇಲೂ ಯಾವನೋ ಕಾರಕೂನ ಬೆರಳಿಟ್ಟು ಅದನ್ನು ಓದುತ್ತಾನೆ.

"ಸೋರೂದಿಲ್ಲ," ಎಂದೆ. ನನ್ನ ರುಮಾಲಿನ ಮೇಲೆ ಒಂದು ಹನಿ ಬಿತ್ತು.

"ಗೌಂಡ್ಯಾರ..."

"ಬರಕೋರಿ. ಸೋರೂದಿಲ್ಲ."

ರಾಘಪ್ಪನವರು ಬರೆಯಲು ಹೋದರು. ಹಾಳೆಯ ಮೇಲೆ ಹನಿ ಬಿದ್ದು ಶಾಯಿ ಹರಡಿತು. ಇನ್ನೊಂದು ಸಲ ಹೋದರು, ಇನ್ನೊಂದು ಹನಿ. ಆಗ ಸಾಹುಕಾರರು ಮುಂದೆ ಬಂದು, ತಮ್ಮ ಛತ್ರಿ ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು. ಮನೆಯೊಳಗೆ, ಛತ್ರಿಯ ಕೆಳಗೆ ಕೂತು, ರಾಘಪ್ಪನವರು 'ಸೋರುವುದಿಲ್ಲ' ಎಂದು ಬರೆದು ಮುಗಿಸಿದರು. "ಅಣ್ಣಾರ, ಛತ್ರಿ ಒಂದೀಟ ಆಕಡೆ ಮಾಡ್ರಿ, ನೀರ ಪರಾತದಾಗ ಬೀಳವಲ್ದು," ಎಂದಳು ನಮ್ಮಾಕೆ.

ಓಣಿಯವರು ಒಬ್ಬೊಬ್ಬರಾಗಿ ಕರಗಿದರು. ಸಾಹುಕಾರರು ಛತ್ರಿ ಮಡಿಚಿ ನನ್ನನ್ನು ಕಟ್ಟೆಗೆ ಕರೆದರು.

"ಆ ಮನಿ ನೀನ ಕಟ್ಟಿದ್ದು?"

"ಹೌದ್ರಿ."

"ಇದೂ ನೀನ?"

"ಹೌದ್ರಿ."

"ನಮ್ಮ ಅಣ್ಣನ ಮನಿ ಕಟ್ಟಾಂವ ನಡುವ ಮೂರು ಸಲ ಕೆಲಸಾ ಬಿಟ್ಟು ತನ್ನ ಮಾಳಗಿ ಮಾಡಕೊಂಡ. ಅಣ್ಣನ ಗ್ವಾಡಿ ಇನ್ನೂ ಮ್ಯಾಲಿನ ಕುಂಬಿ ಮುಟ್ಟಿಲ್ಲ. ಮಂದಿದು ಒಣಗಿ, ತನ್ನದು ಸೋರೂ ಗೌಂಡಿ ಇವತ್ತ ಕಂಡೆ. ನೀ ಬಾ. ಆದ್ರ ಒಂದ ಕರಾರು. ನನ್ನ ಮನಿ ಮುಗಿಯೂತನಕಾ ಇದರ ಮ್ಯಾಲ ಒಂದ ಬುಟ್ಟಿ ಮಣ್ಣ ಬೀಳಬಾರದು."

'ನೀ' ಎಂದಿದ್ದರು. ನಾನು ಎಲೆ ಅಡಿಕೆ ತೆಗೆದುಕೊಂಡೆ.

ಮುಂದಿನ ತಿಂಗಳು ನಿಜವಾದ ಸಾಹೇಬರು ಬಂದು, ಬಿಸಿಲಿಗೆ ಬೇಸತ್ತು, ಕಾಕಾನದೊಂದನ್ನು ಬಿಟ್ಟು ಎಲ್ಲ ಅರ್ಜಿದಾರರಿಗೂ ಎಂಟೆಂಟಾಣೆ ಪಟ್ಟಿ ಇಳಿಸಿ ಹೋದರು. ಅಷ್ಟಕ್ಕೇ ಓಣಿ ತಣ್ಣಗಾಯಿತು ಎಂದಲ್ಲ. ನನ್ನ ಮಾಳಿಗೆ ಸೋರಿದ್ದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ನನ್ನ ಮೇಲೆ ಸಿಟ್ಟು ಉಳಿಯಲಿಲ್ಲ. "ಹನ್ನೊಂದು ರೂಪಾಯಿ ನಾಕಾಣೆ ಹೋದ್ರೂ ಅವತ್ತ ಹೊಟ್ಟಿ ತುಂಬಿತು ನೋಡ ತಮ್ಮಾ," ಎನ್ನುತ್ತಾನೆ ಕಾಕಾ ಈಗಲೂ. ನೀಲವ್ವ ತಾನೇ ಹೆಪ್ಪು ತಂದುಕೊಟ್ಟಳು, ಒಲೆಯನ್ನೂ ನನ್ನಿಂದಲೇ ಹಾಕಿಸಿಕೊಂಡಳು.

ನರಗುಂದದ ಮನೆ ಎರಡು ವರ್ಷ ಎಂದದ್ದು ಮೂರು ವರ್ಷ ಹಿಡಿಯಿತು. ಮುಗಿದೊಡನೆ ನನ್ನ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದು ಚಕ್ಕಡಿ ಗೊತ್ತು ಮಾಡಿದೆ. ಆದರೆ ಅಷ್ಟರಲ್ಲಿ ಸಾಹುಕಾರರು ಈ ಕಥೆಯನ್ನು ಸುತ್ತ ಹತ್ತು ಊರಲ್ಲಿ ಹೇಳಿಬಿಟ್ಟಿದ್ದರು. ಅಸೂಟಿಯಿಂದ ಒಬ್ಬರು ಬಂದರು, ಮನೆ ಕಟ್ಟಿಸಬೇಕು ಎಂದರು, ಕೂಲಿಯ ಮಾತಿಗಿಂತ ಮೊದಲು, "ನಿಮ್ಮ ಮಾಳಗಿ ಇನ್ನೂ ಸೋರತೈತಿ ಹೌದಿಲ್ಲೊ?" ಎಂದು ಕೇಳಿದರು. ಚಕ್ಕಡಿ ಹಿಂದಕ್ಕೆ ಕಳಿಸಿದೆ. ಆಮೇಲೆ ಚಿಕ್ಕನರಗುಂದದವರು ಬಂದರು, ಅವರೂ ಮೊದಲು ಮೇಲೆ ನೋಡಿಯೇ ಆಮೇಲೆ ನನ್ನನ್ನು ನೋಡಿದರು. ಈಗ ಯಾರಾದರೂ ಬಂದರೆ ನಮ್ಮಾಕೆಯೇ ಒಳಗೆ ಕರೆದು, ಹನಿಯ ಕಲೆಗಳನ್ನು ಒಂದೊಂದಾಗಿ ತೋರಿಸುತ್ತಾಳೆ, ಮುಲ್ಕಿ ಪಾಸಾದವರು ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು ತೋರಿಸುವ ಹಾಗೆ. ಈ ನಡುವೆ ನಾವು ಮೈಸೂರು ಸರಕಾರಕ್ಕೆ ಬಂದಿದ್ದೇವೆ, ಆಣೆ ಹೋಗಿ ನಯಾಪೈಸೆ ಬಂದಿದೆ, ರಾಘಪ್ಪನವರಿಗೆ ವರ್ಗವಾಗಿ ಹೊಸ ಕಾರಕೂನರು ಬಂದಿದ್ದಾರೆ. ಮೊನ್ನೆ ಅವರಿಗೆ ನನ್ನ ಮಾಳಿಗೆಯ ಸ್ಥಿತಿಯನ್ನು ಮೆಲ್ಲಗೆ ಹೇಳಿ ನೋಡಿದೆ. ಅವರು ಕೆಂಪು ಬೆನ್ನಿನ ರಜಿಸ್ಟರ ತೆರೆದು, ಬೆರಳಿಟ್ಟು ಓದಿ, "ಇಲ್ಲಿ ಸೋರೂದಿಲ್ಲ ಅಂತ ಐತಲ್ರಿ," ಎಂದರು. ಅಂಥ ಗಟ್ಟಿ ದಾಖಲೆಯನ್ನು ಇಲ್ಲವೆನ್ನಲು ನನಗೂ ಮನಸ್ಸಾಗಲಿಲ್ಲ.

ಈಗ ನನಗಿರುವುದು ಇಷ್ಟು. ಆರು ಅಂಕಣದ ಮನೆ ಒಂದು. ಪೂರ್ತಿ ಪಟ್ಟಿ ಕಟ್ಟಿದ ಪಾವತಿ ನಾಲ್ಕು. ಸೋರುವ ಜಾಗ ಐದು, ಅದರಲ್ಲಿ ಎರಡು ಹೊಸವು. ಕೆಳಗಿಡಲು ಪಾತ್ರೆ ನಾಲ್ಕು.